ಸ್ಕ್ರೂ ಮುರಿದರೆ ಮುರಿಯಲಿ, ಎಂಜಿನ್ ಉಳಿಯಲಿ!

ಮನೆಯಲ್ಲೊಂದು ಮೋಟಾರ್ ಸೈಕಲ್, ಅದರ ಹಿಂದೆ ಬಿದ್ದಿರುವ ಮಗನೋ ಮೈದುನನೋ ಇದ್ದರೆ, ಭಾನುವಾರ ಬೆಳಿಗ್ಗೆ ಅಂಗಳದ ಗತಿ ಏನೆಂದು ನಿಮಗೆ ಹೇಳಬೇಕಾಗಿಲ್ಲ. "ಬಾರೋ, ದೋಸೆ ತಣ್ಣಗಾಯ್ತು" ಎಂದರೆ "ಬಂದೆ ಕಣಮ್ಮಾ, ಇನ್ನೊಂದೇ ಸ್ಕ್ರೂ" ಎಂಬ ಉತ್ತರ. ಆ ಒಂದೇ ಸ್ಕ್ರೂ 'ಟಕ್' ಎಂದು ಮುರಿದರೋ? ತಲೆ ಸ್ಪ್ಯಾನರಿನ ಜೊತೆ ಬಂತು, ಬುಡ ಎಂಜಿನ್ನಿನಲ್ಲೇ ಉಳಿಯಿತು!

"ಅಯ್ಯೋ, ಅದೆಲ್ಲ ಗಂಡಸರ ತಾಪತ್ರಯ, ನಮಗ್ಯಾಕೆ?" ಎಂದು ಪುಟ ತಿರುಗಿಸಬೇಡಿ. ಕೆಲವು ರೂಪಾಯಿಯ ಸ್ಕ್ರೂ ಸಾವಿರಾರು ರೂಪಾಯಿಯ ಖರ್ಚಾದಾಗ ಕೈಹಾಕುವುದು ಮನೆಖರ್ಚಿನ ದುಡ್ಡಿಗೇ. ಅಲ್ಲದೆ ಅಂಗಳದಲ್ಲಿ ಬಿಚ್ಚಿಟ್ಟ ಗಾಡಿಯ ಸುತ್ತ ಓಡಾಡುವುದು ನಮ್ಮ ಮಕ್ಕಳೇ. ಗಾಡಿಗೆ ಕೈ ಹಚ್ಚದಿದ್ದರೂ, ಎಲ್ಲಿ ನಿಲ್ಲಿಸಬೇಕೆಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರಿರಬೇಕು.

ನೀರು ಕುಡಿಯುವ ಗಾಡಿಗಳು

ಹಿಂದಿನ ಗಾಡಿಗಳಿಗೆ ಈ ರಗಳೆ ಇರಲಿಲ್ಲ. ಮೈಸೂರಿನಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಎಂಜಿನ್ನಿಗೆ ಮೈಮೇಲೆ ಲೋಹದ ರೆಕ್ಕೆಗಳಿದ್ದವು. ಎದುರು ಬೀಸುವ ಗಾಳಿಯೇ ಅದನ್ನು ತಣಿಸುತ್ತಿತ್ತು. ಈಗಲೂ ಅನೇಕ ಗಾಡಿಗಳು ಹಾಗೇ ಇವೆ. ಆದರೆ 2008ರಲ್ಲಿ ಬಂದ ಯಮಹಾ ಆರ್15, 2012ರಲ್ಲಿ ಬಂದ ಪಲ್ಸರ್ 200 ಎನ್‌ಎಸ್, 2018ರಲ್ಲಿ ಹೊಸದಾಗಿ ಬಂದ ಜಾವಾ ಮುಂತಾದವುಗಳಲ್ಲಿ ಕಾರಿನಲ್ಲಿರುವಂತೆ ರೇಡಿಯೇಟರ್ ಇದೆ. ಒಂದು ಪುಟ್ಟ ಪಂಪು ಬಣ್ಣದ ದ್ರವವನ್ನು ಎಂಜಿನ್ನಿನ ಸುತ್ತ ಹರಿಸುತ್ತದೆ. ಬಿಸಿಯಾದ ದ್ರವ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ತಣಿದು ಮತ್ತೆ ಒಳಗೆ ಹೋಗುತ್ತದೆ. ಈ ದ್ರವಕ್ಕೆ ಕೂಲೆಂಟ್ ಎನ್ನುತ್ತಾರೆ. ಗಾಡಿಯ ಪುಸ್ತಕ ಹೇಳುವ ಅವಧಿಗೆ ಸರಿಯಾಗಿ ಇದನ್ನು ಬದಲಾಯಿಸಬೇಕು. ಆಗಲೇ ಪಂಪಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚುವ ಪ್ರಸಂಗ ಬರುವುದು.

ಮೊದಲು ಕುಕ್ಕರಿನ ಪಾಠ

ನಮ್ಮ ಪ್ರೆಶರ್ ಕುಕ್ಕರಿನ ವೆಯ್ಟು ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಒತ್ತಡ ಹಿಡಿದಿಡುತ್ತದೆ. ಅದಕ್ಕೇ ಒಳಗಿನ ನೀರು 100 ಡಿಗ್ರಿ ದಾಟಿ ಸುಮಾರು 120 ಡಿಗ್ರಿವರೆಗೆ ಕಾಯುತ್ತದೆ, ಬೇಳೆ ಬೇಗ ಬೇಯುತ್ತದೆ. ರೇಡಿಯೇಟರಿನ ಮುಚ್ಚಳವೂ ಹೆಚ್ಚುಕಡಿಮೆ ಅಷ್ಟೇ ಒತ್ತಡ ಹಿಡಿಯುತ್ತದೆ. ಬಿಸಿ ಇರುವಾಗ ಅದನ್ನು ತೆಗೆಯುವುದೂ ಒಂದೇ, ಕೂಗುತ್ತಿರುವ ಕುಕ್ಕರಿನ ಮುಚ್ಚಳ ಎಳೆಯುವುದೂ ಒಂದೇ. ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ. ಗಾಡಿ ಓಡಿಸಿ ಬಂದಿದ್ದರೆ ಗಂಟೆಗಟ್ಟಲೆ ಬಿಡಲಿ. ರೇಡಿಯೇಟರಿನ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಆಮೇಲೆ ಸ್ಪ್ಯಾನರ್.

ಮುರಿಯುವುದೇಕೆ?

ಎಂಜಿನ್ನಿನ ಮೈ ಅಲ್ಯುಮಿನಿಯಂ, ಸ್ಕ್ರೂ ಉಕ್ಕಿನದು. ಎರಡು ಬೇರೆ ಲೋಹಗಳ ನಡುವೆ ನೀರಿನ ಪಸೆ ಸೇರಿದರೆ ಅಲ್ಯುಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಸ್ಕ್ರೂವಿನ ಸುತ್ತುಗಳಲ್ಲಿ ತುಂಬಿ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ಹೀಗೆ ಕಚ್ಚಿದ ಸ್ಕ್ರೂವನ್ನು ಜೋರಿನಿಂದ ತಿರುಗಿಸಿದರೆ ತಲೆ ತಿರುಗುತ್ತದೆ, ಬುಡ ತಿರುಗುವುದಿಲ್ಲ. ಮಧ್ಯೆ ತುಂಡಾಗದೆ ಇನ್ನೇನಾದೀತು?

ಇನ್ನೊಂದು ಕಾರಣ, ಹಿಂದಿನ ಸಲ ಬಿಗಿದವರ ತೋಳ್ಬಲ. ಈ ಮುಚ್ಚಳಗಳ ಸ್ಕ್ರೂ ಸಾಮಾನ್ಯವಾಗಿ 6 ಮಿಲಿಮೀಟರ್ ದಪ್ಪದ್ದು. ಅದಕ್ಕೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್ ಮಾತ್ರ. ಅಂದರೆ 10 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 10 ಕಿಲೋ ಅಕ್ಕಿಚೀಲ ತೂಗುಹಾಕಿದಷ್ಟು. ಹಿಡಿ 30 ಸೆಂಟಿಮೀಟರ್ ಇದ್ದರೆ ಮೂರು ಕಿಲೋ ಚಿಲ್ಲರೆ ಭಾರವೇ ಸಾಕು. ಉದ್ದ ಹಿಡಿಯ ಮೇಲೆ ಮೈಭಾರ ಬಿಟ್ಟರೆ ಪಾಪ, ಆ ಸ್ಕ್ರೂ ಏನು ಮಾಡೀತು?

ಮುರಿಯಿತು, ಮುಂದೇನು?

ಮೊದಲನೆಯದು, ಕೈ ತೆಗೆಯುವುದು. ಎಂಜಿನ್ ಹಾಳಾಗುವುದು ಸ್ಕ್ರೂ ಮುರಿದ ಕ್ಷಣದಲ್ಲಿ ಅಲ್ಲ, ಆಮೇಲಿನ ಅರ್ಧ ಗಂಟೆಯ ಸಿಟ್ಟಿನಲ್ಲಿ. ಉಳಿ, ಸುತ್ತಿಗೆ, ಸಿಕ್ಕಿದ್ದೆಲ್ಲ ಹಾಕಿ ಕುಟ್ಟಿದರೆ ಮೆತ್ತನೆಯ ಅಲ್ಯುಮಿನಿಯಂ ಬಿರುಕು ಬಿಡುತ್ತದೆ. ಹಗುರವಾದ ಉಪಾಯದಿಂದ ಶುರು ಮಾಡಿ, ಅದು ಸಾಗದಿದ್ದರೆ ಮಾತ್ರ ಮುಂದಿನದಕ್ಕೆ ಹೋಗಬೇಕು. ಕ್ರಮ ಇದು:

1. ಉಳಿದ ಸ್ಕ್ರೂಗಳನ್ನು ಮೆಲ್ಲಗೆ ಬಿಚ್ಚಿ ಮುಚ್ಚಳ ತೆಗೆದು ನೋಡಿ. ಮುಚ್ಚಳ ಬಂದ ಮೇಲೆ ಎಷ್ಟೋ ಸಲ ಮುರಿದ ತುಂಡು ಮೊಳಕೆಯಂತೆ ಹೊರಗೆ ಚಾಚಿರುತ್ತದೆ. ಹಾಗಿದ್ದರೆ ನಿಮ್ಮ ಪುಣ್ಯ! ತೆರೆದ ತೂತುಗಳಿಗೆ ಶುಭ್ರ ಬಟ್ಟೆ ತುರುಕಿ. ಲೋಹದ ಚೂರು ಒಳಗೆ ಬೀಳಬಾರದು.

2. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲಿ. ಉದ್ದಿನಬೇಳೆ ನೆನೆಯದೆ ರುಬ್ಬಿದರೆ ಇಡ್ಲಿ ಆದೀತೇ? ಇದೂ ಹಾಗೇ. ಹಿಡಿಗೆ ಸಿಗುವಂತಿದ್ದರೆ ಕಚ್ಚಿ ಹಿಡಿದು ನಿಲ್ಲುವ ಲಾಕಿಂಗ್ ಪ್ಲೇಯರಿನಿಂದ ಎಡಕ್ಕೆ ತುಸು, ಬಲಕ್ಕೆ ತುಸು ಅಲ್ಲಾಡಿಸಿ ತಿರುಗಿಸಬೇಕು. ಒಂದೇ ದಿಕ್ಕಿಗೆ ಜಗ್ಗಬಾರದು.

3. ಬರಲಿಲ್ಲವೇ? ಬಿಸಿ ಕೊಡಬೇಕು. ಸ್ಟೀಲ್ ಡಬ್ಬಿಯ ಮುಚ್ಚಳ ಕಚ್ಚಿಕೊಂಡರೆ ನಾವು ಬಿಸಿನೀರು ಹಾಕುವುದಿಲ್ಲವೇ? ಅಲ್ಯುಮಿನಿಯಂ ಕಾದಾಗ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಇದಕ್ಕೆ ಬಿಸಿಗಾಳಿ ಊದುವ ಯಂತ್ರ ಬೇಕು. ಮೊದಲು ಹಾಕಿದ ಎಣ್ಣೆ ಒರೆಸಿರಬೇಕು. ಪೆಟ್ರೋಲ್ ಟ್ಯಾಂಕಿನ ಪಕ್ಕ ಬೆಂಕಿಯ ಜ್ವಾಲೆ ಹಿಡಿಯುವ ಮಾತೇ ಬೇಡ.

4. ಇದಕ್ಕೂ ಜಗ್ಗದಿದ್ದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನದು ಅನುಭವಸ್ಥ ಮೆಕ್ಯಾನಿಕ್ಕಿನದು, ಇಲ್ಲವೇ ಲೇತ್ ಅಂಗಡಿಯದು. ಅವರು ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸುತ್ತಾರೆ. ಆ ಕಾವಿಗೇ ಹಿಡಿತ ಬಿಡುವುದುಂಟು. ಅಥವಾ ನಟ್ಟನಡುವೆ ಚುಕ್ಕೆ ಹೊಡೆದು, ಸಣ್ಣ ತೂತು ಕೊರೆದು, 'ಈಜಿ ಔಟ್' ಎಂಬ ಉಲ್ಟಾ ಸುತ್ತಿನ ಸಲಕರಣೆ ಇಳಿಸಿ ಎಡಕ್ಕೆ ತಿರುಗಿಸುತ್ತಾರೆ.

ಹೆಸರು ಕೇಳಿ ಈಜಿ ಎಂದುಕೊಳ್ಳಬೇಡಿ! ಆ ಸಲಕರಣೆ ಬಹಳ ಗಡಸು ಉಕ್ಕು. ಅದೇ ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು. ಮುರಿದ ಸ್ಕ್ರೂ ಚಿಕ್ಕ ಕಷ್ಟ, ಮುರಿದ ಈಜಿ ಔಟ್ ದೊಡ್ಡ ಕಷ್ಟ. ಅಂಗಳದಲ್ಲಿ ಕೈ ಡ್ರಿಲ್ ಹಿಡಿದು ಮಗ ಇದಕ್ಕೆ ಹೊರಟರೆ, "ಬೇಡಪ್ಪಾ, ಅಲ್ಲಿಗೇ ಬಿಡು" ಎನ್ನಿ. ಎರಡು ದಿನ ಬಸ್ಸಿನಲ್ಲಿ ಹೋದರೆ ಏನೂ ಆಗದು.

ಮೆಕ್ಯಾನಿಕ್ಕನ್ನು ಏನು ಕೇಳಬೇಕು?

"ಥ್ರೆಡ್ ಹೋಗಿದೆ ಅಮ್ಮಾ, ಎಂಜಿನ್ ಕೇಸೇ ಬದಲಾಯಿಸಬೇಕು" ಎಂದರೆ ಗಾಬರಿಯಾಗಬೇಡಿ. "ಹೆಲಿಕಾಯಿಲ್ ಹಾಕಲಿಕ್ಕೆ ಬರುತ್ತದೆಯೇ?" ಎಂದು ಕೇಳಿ. ಹಾಳಾದ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಸುತ್ತು ಹಾಕಿ, ಒಳಗೆ ಉಕ್ಕಿನ ತಂತಿಯ ಸುರುಳಿ ಕೂರಿಸುವ ವಿಧಾನವಿದು. ಬ್ಲೌಸಿನ ಹರಿದ ಕಾಜಾವನ್ನು ಮತ್ತೆ ಹೊಲಿದಂತೆ. ಸುತ್ತಲಿನ ಲೋಹ ಬಿರುಕು ಬಿಡದಿದ್ದರೆ ಇದು ಗಟ್ಟಿಯಾಗಿ ನಿಲ್ಲುತ್ತದೆ. ಬಿರುಕು ಬಿಟ್ಟಿದ್ದರೆ "ಎಲ್ಲಿ ತೋರಿಸಿ" ಎನ್ನಿ, ಸಂಕೋಚ ಬೇಡ. ವೆಲ್ಡ್ ಮಾಡುವ ಮುಂಚೆ ಬ್ಯಾಟರಿ ಸಂಪರ್ಕ ತೆಗೆಯುತ್ತೀರಾ, ಪೆಟ್ರೋಲ್ ಟ್ಯಾಂಕ್ ಇಳಿಸುತ್ತೀರಾ ಎಂದೂ ಕೇಳಿ.

ಶರಬತ್ತಿನಂಥ ವಿಷ

ಈಗ ತಾಯಂದಿರು ಗಮನವಿಟ್ಟು ಓದಬೇಕಾದ ಮಾತು. ಬಿಚ್ಚುವಾಗ ಬೋಗುಣಿಗೆ ಇಳಿಸುವ ಕೂಲೆಂಟ್ ಹಸಿರೋ ನೀಲಿಯೋ ಗುಲಾಬಿಯೋ ಇರುತ್ತದೆ, ನೋಡಲು ಥೇಟ್ ಶರಬತ್ತು. ಇದರಲ್ಲಿ ಹೆಚ್ಚಾಗಿ ಇರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಗುಣ ಘೋರ ವಿಷ. ಸ್ವಲ್ಪವೇ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳ ಪ್ರಾಣಕ್ಕೆ ಸಂಚಕಾರ. ಮೊದಲು ಅಮಲೇರಿದಂತೆ ತೂರಾಟ, ವಾಂತಿ, ಮಂಪರು. ಆಮೇಲೆ ಮೂತ್ರಪಿಂಡಗಳು ಕೆಡುತ್ತವೆ. ನಾಯಿ ಬೆಕ್ಕುಗಳೂ ನೆಕ್ಕಿ ಸಾಯುತ್ತವೆ.

ಆದ್ದರಿಂದ ಕೂಲೆಂಟನ್ನು ತಂಪು ಪಾನೀಯದ ಬಾಟಲಿಗೆ ಎಂದಿಗೂ ತುಂಬಿಡಬೇಡಿ. ಅದರ ಸ್ವಂತ ಡಬ್ಬದಲ್ಲೇ, ಬೀಗದೊಳಗೆ ಇರಲಿ. ಅಡಿಗೆಮನೆಯ ಪಾತ್ರೆ, ಆಲಿಕೆ, ಲೋಟ ಯಾವುದನ್ನೂ ಈ ಕೆಲಸಕ್ಕೆ ಕೊಡಬೇಡಿ. ಚೆಲ್ಲಿದ್ದನ್ನು ಒರೆಸಿ, ಧಾರಾಳ ನೀರು ಹಾಕಿ ತೊಳೆಯಿರಿ. ಹಳೆಯದನ್ನು ಚರಂಡಿಗೆ ಸುರಿಯದೆ ಡಬ್ಬದಲ್ಲಿ ತುಂಬಿ ವರ್ಕ್‌ಶಾಪಿಗೆ ಕೊಡಿ. ಮಗು ಕುಡಿದಿರಬಹುದೆಂಬ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲೆಂದು ಕಾಯಬೇಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಬೇಡಿ. 108ಕ್ಕೆ ಫೋನ್ ಮಾಡಿ, ಡಬ್ಬದ ಸಮೇತ ದೊಡ್ಡ ಆಸ್ಪತ್ರೆಗೆ ಓಡಿ. ಬೇಗ ಹೋದರೆ ಇದಕ್ಕೆ ಮದ್ದುಂಟು.

ಮತ್ತೆ ಜೋಡಿಸುವಾಗ

* ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಅದದೇ ಜಾಗದಲ್ಲಿ ಚುಚ್ಚಿಡಲಿ. ಉದ್ದ ಗಿಡ್ಡ ಅದಲುಬದಲಾದರೆ ಮತ್ತೆ ಅದೇ ಕಥೆ.

* ಮುರಿದದ್ದಕ್ಕೆ ಅದೇ ಅಳತೆಯ ಹೊಸ ಸ್ಕ್ರೂ, ಮುಚ್ಚಳಕ್ಕೆ ಹೊಸ ಪ್ಯಾಕಿಂಗ್. ಹಳೆಯದನ್ನೇ ಅಂಟಿಸಿ ಉಳಿತಾಯ ಮಾಡಿದರೆ ಸೋರುತ್ತದೆ.

* ಸ್ಕ್ರೂವನ್ನು ಮೊದಲು ಬೆರಳಿನಿಂದಲೇ ತಿರುಗಿಸಬೇಕು. ಅದು ಸಲೀಸಾಗಿ ಹೋದ ಮೇಲೆ ಸ್ಪ್ಯಾನರ್. ಒಂದನ್ನು ಬಿಗಿದು, ಎದುರಿನದನ್ನು ಬಿಗಿದು, ಹೀಗೆ ಸ್ವಲ್ಪ ಸ್ವಲ್ಪವಾಗಿ.

* ನೀರು ಬೆರೆಸುವ ಕೂಲೆಂಟ್ ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಸುಣ್ಣ ನೋಡಿದ್ದೀರಲ್ಲ? ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕೂರುತ್ತದೆ.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಲು ಹೋದಾಗ ಗಾಡಿಯ ಕೆಳಗೊಮ್ಮೆ ಕಣ್ಣಾಡಿಸಿ. ನೆಲ ಒಣಗಿದ್ದರೆ ಸರಿ. ಬಣ್ಣದ ಹನಿ ಬಿದ್ದಿದ್ದರೆ ಬೀಗದ ಕೈ ನಿಮ್ಮ ಸೆರಗಿನ ತುದಿಯಲ್ಲೇ ಇರಲಿ. ಅದು ರಿಪೇರಿಯಾಗುವವರೆಗೆ ಗಾಡಿ ಹೊರಡುವುದು ಬೇಡ.