ಪಿಕಪ್‌ಗೆ ವಾಕಿಟಾಕಿ ಕೂಡಿಸಿದರೆ ಸಿಮ್ ಇಲ್ಲದೆ 50 ಕಿ.ಮೀ. ಮಾತಾಡಬಹುದೇ? ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

"ಗಾಡಿಯಲ್ಲಿ ಈ ಸೆಟ್ ಕೂಡಿಸಿ. ಸಿಮ್ ಬೇಡ, ರೀಚಾರ್ಜ್ ಬೇಡ, ಲೈಸೆನ್ಸ್ ಬೇಡ. 50 ಕಿಲೋಮೀಟರ್ ದೂರದವರೆಗೆ ಉಚಿತವಾಗಿ ಮಾತಾಡಿ. ಪ್ರವಾಹ ಬಂದರೂ ಬಂದ್ ಆಗಲ್ಲ!" ಇಂಥ ಸಂದೇಶ, ಜೊತೆಗೊಂದು ಆನ್‌ಲೈನ್ ಲಿಂಕ್, ಚಾಲಕರ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುತ್ತಿರುತ್ತದೆ.

ಘಟಪ್ರಭಾ ದಂಡೆಯ ಘೋಡಗೇರಿಯಂಥ ಊರಿನಲ್ಲಿ ಇದನ್ನು ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಪಿಕಪ್, ಟ್ರ್ಯಾಕ್ಟರ್, ಲಾರಿಗಳು ಹಗಲು ರಾತ್ರಿ ಓಡುತ್ತವೆ. 2019ರ ಆಗಸ್ಟ್ ಪ್ರವಾಹದಲ್ಲಿ ಗೋಕಾಕಕ್ಕೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಕರೆಂಟು ಹೋಗಿ, ಟವರಿನ ಬ್ಯಾಟರಿ ಇಳಿದರೆ ಮೊಬೈಲ್ ಬರೀ ಟಾರ್ಚ್ ಆಗುತ್ತದೆ. ಹಾಗಾದರೆ ಗಾಡಿಯಲ್ಲೊಂದು ರೇಡಿಯೊ ಇದ್ದರೆ ಒಳ್ಳೆಯದಲ್ಲವೇ?

ಒಳ್ಳೆಯದೇ. ಆದರೆ ಫಾರ್ವರ್ಡ್ ಹೇಳುವ ಹಾಗಲ್ಲ. ಒಂದೊಂದಾಗಿ ನೋಡೋಣ.

ಹೇಳಿಕೆ 1: ಸಿಮ್, ಟವರ್ ಬೇಡ

ಇದು ನಿಜ. ಮೊಬೈಲ್ ಕರೆ ಹೋಗುವುದು ಟವರ್ ಮೂಲಕ. ವಾಕಿಟಾಕಿಯಲ್ಲಿ ಒಂದು ಸೆಟ್ಟಿನ ಆಂಟೆನಾದಿಂದ ಹೊರಟ ಅಲೆ ನೇರವಾಗಿ ಇನ್ನೊಂದು ಸೆಟ್ಟಿನ ಆಂಟೆನಾ ಮುಟ್ಟುತ್ತದೆ. ಹಾಗಾಗಿ ಟವರ್ ಬಿದ್ದರೂ ಕೆಲಸ ಮಾಡುತ್ತದೆ. ಆದರೆ ಅದೇ ಫ್ರೀಕ್ವೆನ್ಸಿಯಲ್ಲಿ, ಅಲೆ ತಲುಪುವಷ್ಟು ಹತ್ತಿರದಲ್ಲಿ ಇನ್ನೊಬ್ಬರು ಸೆಟ್ ಆನ್ ಮಾಡಿಕೊಂಡು ಕೇಳುತ್ತಿರಬೇಕು. ಒಂದೇ ಸೆಟ್ ತಂದಿಟ್ಟುಕೊಂಡರೆ ಪ್ರಯೋಜನವಿಲ್ಲ.

ಹೇಳಿಕೆ 2: 50 ಕಿ.ಮೀ. ದೂರ ಹೋಗುತ್ತದೆ

ಗಾಡಿಯಿಂದ ಗಾಡಿಗೆ ಇದು ಸುಳ್ಳು. ವಾಕಿಟಾಕಿಯ ಅಲೆಗಳು ಹೆಚ್ಚುಕಡಿಮೆ ನೇರ ಸಾಲಿನಲ್ಲಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ ಸ್ವಲ್ಪ ದೂರದ ನಂತರ ನೆಲವೇ ಅಡ್ಡ ಬರುತ್ತದೆ. ಎಷ್ಟು ದೂರ ಎನ್ನುವುದಕ್ಕೆ ಸುಲಭದ ಲೆಕ್ಕವಿದೆ. ಎರಡೂ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅವುಗಳ ವರ್ಗಮೂಲ ಕೂಡಿಸಿ, 4.12ರಿಂದ ಗುಣಿಸಿ. ಬಂದ ಉತ್ತರ ಕಿಲೋಮೀಟರ್.

ಎರಡು ಪಿಕಪ್‌ಗಳ ಮೇಲೆ 2 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ ಉತ್ತರ ಸುಮಾರು 11.6 ಕಿ.ಮೀ. ಅದೂ ನಡುವೆ ಮರ, ಮನೆ, ಗುಡ್ಡ ಏನೂ ಇಲ್ಲದ ಬಯಲಿನಲ್ಲಿ. ಆಳೆತ್ತರ ಮೀರಿದ ಕಬ್ಬು, ಊರಿನ ಕಟ್ಟಡ, ಗೋಕಾಕದ ಗುಡ್ಡ ಅಡ್ಡ ಬಂದರೆ ಇನ್ನೂ ಇಳಿಯುತ್ತದೆ. 50 ಕಿ.ಮೀ. ಬೇಕೆಂದರೆ ಎರಡೂ ಗಾಡಿಗಳ ಆಂಟೆನಾ ಸುಮಾರು 37 ಮೀಟರ್, ಅಂದರೆ ಹತ್ತು ಹನ್ನೆರಡು ಅಂತಸ್ತಿನ ಕಟ್ಟಡದಷ್ಟು ಎತ್ತರದಲ್ಲಿರಬೇಕು! ಗುಡ್ಡದ ತುದಿಯಿಂದ ಇನ್ನೊಂದು ಗುಡ್ಡಕ್ಕೆ ಮಾತಾಡಿದವರ ದಾಖಲೆಯನ್ನೇ ಜಾಹೀರಾತಿನವರು ಪೆಟ್ಟಿಗೆ ಮೇಲೆ ಅಚ್ಚು ಹಾಕಿರುತ್ತಾರೆ.

ಹೇಳಿಕೆ 3: ಲೈಸೆನ್ಸ್ ಬೇಡ

ಇದು ಅರ್ಧ ಸತ್ಯ. ಸಿಕ್ಕಿ ಬೀಳುವುದೂ ಇಲ್ಲೇ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ಒಳಗೆ ಮಾತ್ರ ಕೆಲಸ ಮಾಡುವ, ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸ್ ಬೇಡ. 27 ಮೆಗಾಹರ್ಟ್ಸ್ ಸುತ್ತಲಿನ ಸಿಟಿಜನ್ ಬ್ಯಾಂಡ್‌ಗೂ ಷರತ್ತಿನ ಮೇಲೆ ವಿನಾಯಿತಿ ಇದೆ. ಆದರೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹಲವು ಸೆಟ್‌ಗಳು ಇದರಾಚೆಯ ಎಷ್ಟೋ ಫ್ರೀಕ್ವೆನ್ಸಿಗಳಲ್ಲಿ ಮಾತಾಡಬಲ್ಲವು. ಅವಕ್ಕೆ ಲೈಸೆನ್ಸ್ ಬೇಕೇ ಬೇಕು.

ಈ ಗೊಂದಲದ ಕಾರಣಕ್ಕೇ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 13 ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತು. ನಂತರ ಮಾರ್ಗಸೂಚಿಯನ್ನೂ ಹೊರಡಿಸಿತು. ಸೆಟ್ ಯಾವ ಫ್ರೀಕ್ವೆನ್ಸಿಯದು, ಲೈಸೆನ್ಸ್ ಬೇಕೋ ಬೇಡವೋ, ಸರ್ಕಾರದ ಇ.ಟಿ.ಎ. ಅನುಮೋದನೆ ಇದೆಯೋ ಇಲ್ಲವೋ ಎಂಬುದನ್ನು ಮಾರುವವರು ತಿಳಿಸಬೇಕು. ಆನ್‌ಲೈನ್‌ನಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಕಾನೂನುಬದ್ಧ ಎಂದುಕೊಳ್ಳಬೇಡಿ.

ಹಾಗಾದರೆ ಕ್ಯಾಬಿನ್ನಿನಲ್ಲಿ ಕೂಡಿಸುವ 25 ವಾಟ್, 50 ವಾಟ್‌ನ ದೊಡ್ಡ ಸೆಟ್? ಅದಕ್ಕೆ ಎರಡು ದಾರಿ. ವ್ಯವಹಾರಕ್ಕಾದರೆ ಕೇಂದ್ರ ದೂರಸಂಪರ್ಕ ಇಲಾಖೆಯಿಂದ ಲೈಸೆನ್ಸ್ ಮತ್ತು ಫ್ರೀಕ್ವೆನ್ಸಿ ಪಡೆಯಬೇಕು. ಅರ್ಜಿ ಹಾಕುವುದು ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಹವ್ಯಾಸಕ್ಕಾದರೆ ಹ್ಯಾಮ್ ರೇಡಿಯೊ ಪರೀಕ್ಷೆ ಪಾಸಾಗಬೇಕು. 12 ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು ತರಬೇತಿ ಕೊಡುತ್ತವೆ. ಆದರೆ ಹ್ಯಾಮ್ ಲೈಸೆನ್ಸ್ ಇಟ್ಟುಕೊಂಡು ಬಾಡಿಗೆ, ಕಬ್ಬಿನ ಲೋಡು ಎಂದು ವ್ಯಾಪಾರದ ಮಾತು ಆಡುವಂತಿಲ್ಲ.

ಹೇಳಿಕೆ 4: ಲೈಟರ್ ಸಾಕೆಟ್‌ಗೆ ಸಿಕ್ಕಿಸಿದರೆ ಸಾಕು

ಸಣ್ಣ ಸೆಟ್ ಚಾರ್ಜ್ ಮಾಡುವುದಕ್ಕೆ ಸಾಕು. ದೊಡ್ಡ ಸೆಟ್‌ಗೆ ಅಲ್ಲ. 50 ವಾಟ್‌ನ ಸೆಟ್ ಮಾತಾಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ. ಸಾಕೆಟ್ ಸಡಿಲವಿದ್ದರೆ ಬಿಸಿಯಾಗುತ್ತದೆ, ಮಾತು ತುಂಡಾಗುತ್ತದೆ. ಲೈಸೆನ್ಸ್ ಇದ್ದವರು ಸೆಟ್ ಕೂಡಿಸುವಾಗ ಇವನ್ನು ಗಮನಿಸಿ:

• ಮೊದಲು ವೋಲ್ಟೇಜ್ ನೋಡಿ. ಪಿಕಪ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, ದೊಡ್ಡ ಲಾರಿಗಳಲ್ಲಿ 24 ವೋಲ್ಟ್. 12 ವೋಲ್ಟ್ ಸೆಟ್ಟನ್ನು ನೇರ 24ಕ್ಕೆ ಕೊಟ್ಟರೆ ಸುಟ್ಟು ಹೋಗುತ್ತದೆ. ನಡುವೆ ಕನ್ವರ್ಟರ್ ಬೇಕು.

• ವೈರನ್ನು ನೇರ ಬ್ಯಾಟರಿಯಿಂದ ತನ್ನಿ. ಪ್ಲಸ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ, ಸೆಟ್ಟಿನ ಹತ್ತಿರ ಅಲ್ಲ. ದಾರಿಯಲ್ಲಿ ವೈರ್ ಉಜ್ಜಿ ಬಾಡಿಗೆ ತಗುಲಿದರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಹರಿಯುತ್ತದೆ. ಆಗ ಬೆಂಕಿ ಹತ್ತದಂತೆ ತಡೆಯುವುದು ಆ ಫ್ಯೂಸ್ ಒಂದೇ.

• ಸಪೂರ ವೈರ್ ಬೇಡ. ಬ್ಯಾಟರಿಯಿಂದ ಸೆಟ್‌ಗೆ 3 ಮೀಟರ್ ಎಂದುಕೊಳ್ಳಿ. 10 ಆಂಪಿಯರ್ ಹರಿಯುವಾಗ 1 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಹೋಗಿಬರುವ ದಾರಿಯಲ್ಲೇ ಸುಮಾರು 1 ವೋಲ್ಟ್ ಸೋರಿಹೋಗುತ್ತದೆ. 2.5 ಚದರ ಮಿ.ಮೀ. ವೈರಾದರೆ ಅರ್ಧ ವೋಲ್ಟಿಗಿಂತ ಕಡಿಮೆ.

• ಇಂಜಿನ್ ಕಡೆಯಿಂದ ಕ್ಯಾಬಿನ್ನಿಗೆ ವೈರ್ ಬರುವ ತೂತಿಗೆ ರಬ್ಬರ್ ಬುಶ್ ಇರಲಿ. ತಗಡಿನ ಅಂಚು ದಿನಾ ಅಲುಗಾಡಿ ವೈರಿನ ಮೈ ಕೊಯ್ಯುತ್ತದೆ.

• ಸೆಟ್, ಮೈಕ್, ವೈರ್ ಯಾವುದೂ ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗದಲ್ಲಿ, ಸ್ಟೇರಿಂಗ್ ಸುತ್ತ ಅಥವಾ ಪೆಡಲ್ ಹತ್ತಿರ ಇರಬಾರದು. ಸೆಟ್ಟನ್ನು ಡ್ಯಾಶ್‌ಬೋರ್ಡ್ ಕೆಳಗೆ ಸ್ಕ್ರೂ ಹಾಕಿ ಬಿಗಿ ಮಾಡಿ, ಗಾಳಿ ಆಡಲು ಜಾಗ ಬಿಡಿ. ಸೀಟಿನ ಮೇಲೆ ಸುಮ್ಮನೆ ಇಟ್ಟರೆ ಜೋರಾಗಿ ಬ್ರೇಕ್ ಹಾಕಿದಾಗ ಅದೇ ಕಲ್ಲಿನಂತೆ ಬಂದು ಬಡಿಯುತ್ತದೆ.

• ನೇರ ಬ್ಯಾಟರಿಗೆ ಕೊಟ್ಟ ಸೆಟ್ಟನ್ನು ಗಾಡಿ ನಿಲ್ಲಿಸಿದಾಗ ಮರೆಯದೆ ಆಫ್ ಮಾಡಿ. ಇಲ್ಲದಿದ್ದರೆ ಕೆಲವು ದಿನ ನಿಂತ ಗಾಡಿಯನ್ನು ತಳ್ಳಿಯೇ ಸ್ಟಾರ್ಟ್ ಮಾಡಬೇಕಾದೀತು.

ಹೇಳಿಕೆ 5: ಆಂಟೆನಾ ಎಲ್ಲಿದ್ದರೂ ನಡೆಯುತ್ತದೆ

ಸುಳ್ಳು. ಕ್ಯಾಬಿನ್ ಎಂದರೆ ಕಬ್ಬಿಣದ ಡಬ್ಬಿ. ಅದರೊಳಗೆ ಆಂಟೆನಾ ಇಟ್ಟರೆ ಅಲೆ ಗಾಜಿನ ಕಿಟಕಿಯಿಂದಷ್ಟೇ ಹೊರಗೆ ಹೋಗಬೇಕು. ಟಾಪಿನ ಮಧ್ಯೆ ಇಟ್ಟರೆ ತಗಡೇ ಆಂಟೆನಾದ ಇನ್ನರ್ಧದಂತೆ ಕೆಲಸ ಮಾಡುತ್ತದೆ. ಉದ್ದವೂ ಫ್ರೀಕ್ವೆನ್ಸಿಗೆ ತಕ್ಕಂತೆ ಇರಬೇಕು. ಹ್ಯಾಮ್‌ನವರು ಬಳಸುವ 145 ಮೆಗಾಹರ್ಟ್ಸ್‌ಗೆ ಕಾಲು ಅಲೆಯ ಆಂಟೆನಾ ಸುಮಾರು ಅರ್ಧ ಮೀಟರ್. ಉದ್ದವಾದಷ್ಟೂ ದೂರ ಹೋಗುತ್ತದೆ ಎಂದು ಸಿಕ್ಕಿದ್ದನ್ನು ಹಾಕಿದರೆ ಶಕ್ತಿ ಸೆಟ್‌ಗೇ ವಾಪಸ್ ಬರುತ್ತದೆ, ಸೆಟ್ ಹಾಳಾಗಬಹುದು. ಆಂಟೆನಾ ಜೋಡಿಸದೆ ಮಾತಾಡುವ ಬಟನ್ ಒತ್ತಲೇಬೇಡಿ. ಕೇಬಲ್ ಬಾಗಿಲಿನಲ್ಲಿ ಜಜ್ಜಿದರೂ ಇದೇ ಗತಿ.

ಲೈಸೆನ್ಸ್ ಬೇಡದ ಸಣ್ಣ ಸೆಟ್‌ಗೆ ದೊಡ್ಡ ಆಂಟೆನಾ ಅಥವಾ ಆಂಪ್ಲಿಫೈಯರ್ ಹಾಕಿದರೆ ಅದು ವಿನಾಯಿತಿಯ ಮಿತಿ ದಾಟಿ ಹೋಗುತ್ತದೆ ಎಂಬುದೂ ನೆನಪಿರಲಿ.

ಹೇಳಿಕೆ 6: ಇದು ಮೊಬೈಲ್ ಅಲ್ಲ, ಓಡಿಸುತ್ತಾ ಮಾತಾಡಬಹುದು

ಮೋಟಾರು ವಾಹನ ಕಾಯ್ದೆಯ 184ನೇ ಕಲಂನಲ್ಲಿ "ಮೊಬೈಲ್" ಎಂಬ ಪದವಿಲ್ಲ. ಗಾಡಿ ಓಡಿಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುವುದನ್ನು 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡ ಅಥವಾ ಜೈಲು. ಮಾತು ಪಕ್ಕದ ಸೀಟಿನವರು ಆಡಲಿ, ಇಲ್ಲವೇ ಗಾಡಿ ಬದಿಗೆ ನಿಲ್ಲಿಸಿ ಆಡಿ.

ಹಾಗಾದರೆ ಏನು ಮಾಡಬೇಕು?

ಹೊಲದಿಂದ ರಸ್ತೆಗೆ, ಹಿಂದಿನ ಗಾಡಿಯಿಂದ ಮುಂದಿನ ಗಾಡಿಗೆ ಮಾತಾಡಲು 446 ಮೆಗಾಹರ್ಟ್ಸ್‌ನ, ಇ.ಟಿ.ಎ. ಅನುಮೋದನೆ ಇರುವ ಸಣ್ಣ ಸೆಟ್ ಸಾಕು. ಅದಕ್ಕೆ ವೈರಿಂಗ್ ತಲೆನೋವಿಲ್ಲ, ಲೈಸೆನ್ಸ್ ಚಿಂತೆಯಿಲ್ಲ. ಪ್ರವಾಹಕ್ಕೆ ತಯಾರಿ ಬೇಕೆಂದರೆ ಊರಿನ ಒಂದಿಬ್ಬರು ಯುವಕರು ಹ್ಯಾಮ್ ಪರೀಕ್ಷೆ ಬರೆಯಲಿ. ಯಾವ ಚಾನೆಲ್, ಯಾವ ಹೊತ್ತು, ಯಾರು ಕೇಳುತ್ತಾರೆ ಎಂದು ಮಳೆಗಾಲಕ್ಕೆ ಮೊದಲೇ ನಿಗದಿ ಮಾಡಿಕೊಳ್ಳಿ. ಪೊಲೀಸರ ಫ್ರೀಕ್ವೆನ್ಸಿಯಲ್ಲಿ ಬಾಯಿ ಹಾಕಿದರೆ ಅಪರಾಧ ಮಾತ್ರವಲ್ಲ, ನೀರಲ್ಲಿ ಸಿಕ್ಕಿಕೊಂಡವರನ್ನು ಉಳಿಸುವ ಮಾತಿಗೇ ಅಡ್ಡಿ. ಮೊಬೈಲ್ ಸಿಗ್ನಲ್ ಇರುವವರೆಗೆ ತುರ್ತಿಗೆ 112 ಇದ್ದೇ ಇದೆ.

ಕೊನೆಯ ಮಾತು: ಸಿಮ್ ಬೇಡ ಎನ್ನುವುದು ನಿಜ, 50 ಕಿ.ಮೀ. ಸುಳ್ಳು, ಲೈಸೆನ್ಸ್ ಬೇಡ ಎನ್ನುವುದು ಅರ್ಧ ಸತ್ಯ. ಆ ಫಾರ್ವರ್ಡ್ ಮತ್ತೆ ಬಂದರೆ ಲಿಂಕ್ ಒತ್ತುವ ಮುನ್ನ ಒಂದೇ ಪ್ರಶ್ನೆ ಕೇಳಿ: "ಇದು ಯಾವ ಫ್ರೀಕ್ವೆನ್ಸಿ?" ಉತ್ತರ ಸಿಗದಿದ್ದರೆ ದುಡ್ಡೂ ಕೊಡಬೇಡಿ, ಮುಂದಕ್ಕೂ ಕಳಿಸಬೇಡಿ.