ಘಾಟಿ ಹತ್ತುವಾಗ ಹಳೇ ಕಾರು ಕಾಯೋದ್ಯಾಕೆ? ರೇಡಿಯೇಟರ್ ಬದಲಿಸುವ ಮುನ್ನ ಇಷ್ಟು ನೋಡಿ

ಮೂಡಿಗೆರೆ: ಚಾರ್ಮಾಡಿ ಘಾಟಿಯಲ್ಲಿ ಬಾನೆಟ್ ಎತ್ತಿ ನಿಂತ ಅಂಬಾಸಿಡರ್ ಅಥವಾ ಪದ್ಮಿನಿ ಕಾರನ್ನು ನೋಡದವರು ನಮ್ಮ ಕಡೆ ಕಡಿಮೆ. ಉಜಿರೆಯಿಂದ ಹೊರಟಾಗ ಚೆನ್ನಾಗೇ ಇರುತ್ತೆ. ನಾಲ್ಕು ತಿರುವು ಹತ್ತುತ್ತಿದ್ದ ಹಾಗೆ ಟೆಂಪರೇಚರ್ ಮುಳ್ಳು ಮೇಲೇರುತ್ತೆ. ಕೊಟ್ಟಿಗೆಹಾರದ ನೀರ್ ದೋಸೆ ಸಿಗುವ ಮೊದಲೇ ಬಾನೆಟ್ ಸಂದಿಯಿಂದ ಹಬೆ!

ನಮ್ಮ ಮನೆಯ ಅಂಬಾಸಿಡರ್ ಕಥೆಯೂ ಇದೇ ಆಗಿತ್ತು. ಒಂದು ಗ್ಯಾರೇಜಿನಲ್ಲಿ ರೇಡಿಯೇಟರ್ ಬದಲಿಸಿದರು. ಇನ್ನೊಂದರಲ್ಲಿ ವಾಟರ್ ಪಂಪ್ ಹೊಸದು ಹಾಕಿದರು. ಮತ್ತೊಬ್ಬರು "ನಮ್ಮ ಊರಿಗೆ ಇದು ಬೇಡ" ಅಂತ ಥರ್ಮೋಸ್ಟಾಟ್ ಕಿತ್ತು ಬಿಸಾಡಿದರು. ಆದರೂ ಘಾಟಿಯಲ್ಲಿ ಅದೇ ಹಾಡು. ಒಮ್ಮೆ ಅವಸರದಲ್ಲಿ ಕ್ಯಾಪ್ ತಿರುಗಿಸಲು ಹೋದ ಚಿಕ್ಕಪ್ಪನ ಮುಂಗೈ ಸುಟ್ಟು, ತಿಂಗಳುಗಟ್ಟಲೆ ಬ್ಯಾಂಡೇಜ್. ಅಪ್ಪ ಕಾರನ್ನು ಗುಜರಿಗೆ ಹಾಕುವ ತೀರ್ಮಾನಕ್ಕೆ ಬಂದಿದ್ದರು.

ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಸ್ಪ್ಯಾನರ್ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಯಜಮಾನ್ರೇ, ಗಾಡಿ ಯಾವಾಗ ಕಾಯುತ್ತೆ ಹೇಳಿ."

ಅರ್ಧ ರೋಗ ಪತ್ತೆಯಾಗುವುದು ಈ ಪ್ರಶ್ನೆಯಲ್ಲೇ.

ಯಾವಾಗ ಕಾಯುತ್ತೆ?

ಇಂಜಿನ್ ತಣ್ಣಗಿರಬೇಕಾದರೆ ಎರಡು ಕೆಲಸ ನಡೀಬೇಕು. ನೀರು ಇಂಜಿನ್ ಸುತ್ತ ತಿರುಗಬೇಕು, ಗಾಳಿ ರೇಡಿಯೇಟರ್ ಮೂಲಕ ಹಾಯಬೇಕು. ಎರಡರಲ್ಲಿ ಯಾವುದು ತಪ್ಪಿದೆ ಅನ್ನೋದನ್ನು ಕಾರು ತಾನೇ ಹೇಳುತ್ತೆ.

ಸಂತೆ ದಿನ ಟ್ರಾಫಿಕ್‌ನಲ್ಲಿ ನಿಂತಾಗ ಕಾಯುತ್ತೆ, ರಸ್ತೆ ಸಿಕ್ಕಿ ಓಡಿದಾಗ ತಣ್ಣಗಾಗುತ್ತೆ ಅಂದ್ರೆ ತೊಂದರೆ ಗಾಳಿಯದ್ದು. ಫ್ಯಾನ್ ಬೆಲ್ಟ್ ಸಡಿಲವೇ? ರೇಡಿಯೇಟರ್ ಎದುರು ಹುಳು, ಕೆಸರು, ಒಣಗಿದ ಎಲೆ ತುಂಬಿದೆಯೇ? ಹೆಚ್ಚುವರಿ ಲೈಟು, ದೊಡ್ಡ ಬೋರ್ಡು ಕಟ್ಟಿ ಗಾಳಿ ತಡೆದಿದ್ದೀರಾ? ಇಷ್ಟು ನೋಡಿ.

ಊರೊಳಗೆ ಸರಿಯಿದ್ದು, ಹೈವೇಯಲ್ಲಿ ಜೋರಾಗಿ ಓಡಿಸಿದಾಗ ಅಥವಾ ಘಾಟಿ ಹತ್ತುವಾಗ ಕಾದರೆ ತೊಂದರೆ ಹೆಚ್ಚಾಗಿ ನೀರಿನದ್ದು. ರೇಡಿಯೇಟರ್ ಒಳಗಿನ ಕೊಳವೆ ಕಟ್ಟಿರಬಹುದು, ಪಂಪ್ ಸವೆದಿರಬಹುದು, ಹೋಸ್ ಮೆತ್ತಗಾಗಿರಬಹುದು. ನೀರಿನದ್ದಲ್ಲವಾದರೆ ಟೈಮಿಂಗ್ ಅಥವಾ ಕಾರ್ಬುರೇಟರ್ ನೋಡಬೇಕು.

ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕೆ ಮುಳ್ಳು ಮೇಲೆ ಹೋದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಮೀಟರೇ ಸುಳ್ಳು ಹೇಳ್ತಿದೆ.

ಮೊದಲು ಮೀಟರ್ ನಂಬಬಹುದಾ ನೋಡಿ

ಹಳೇ ಕಾರಿನ ಮೀಟರ್ ಯಾವಾಗಲೂ ಸತ್ಯ ಹೇಳಲ್ಲ. ಬ್ರಿಟಿಷ್ ವಿನ್ಯಾಸದ ಅನೇಕ ಹಳೇ ಕಾರುಗಳಲ್ಲಿ ಪೆಟ್ರೋಲ್ ಮೀಟರ್‌ಗೂ ಟೆಂಪರೇಚರ್ ಮೀಟರ್‌ಗೂ ಒಂದೇ ವೋಲ್ಟೇಜ್ ಸ್ಟೆಬಿಲೈಸರ್. ಎರಡೂ ಮುಳ್ಳು ಒಟ್ಟಿಗೆ ಮೇಲೇರಿದರೆ ಇಂಜಿನ್ ಬಿಚ್ಚಬೇಡಿ, ಆ ಪುಟ್ಟ ಡಬ್ಬಿ ಪರೀಕ್ಷಿಸಿ. ಆಸ್ಪತ್ರೆಯಲ್ಲಿ ಹಣೆಗೆ ಹಿಡಿಯುವಂಥದ್ದೇ ಇನ್‌ಫ್ರಾರೆಡ್ ಥರ್ಮಾಮೀಟರ್ ವಾಹನಕ್ಕೆ ಬೇರೆ ಬರುತ್ತೆ. ಅದನ್ನು ಥರ್ಮೋಸ್ಟಾಟ್ ಕೂತಿರುವ ಜಾಗಕ್ಕೆ ಹಿಡಿದರೆ ನಿಜವಾದ ಲೆಕ್ಕ ಸಿಗುತ್ತೆ.

ಅದೇ ಥರ್ಮಾಮೀಟರನ್ನು ರೇಡಿಯೇಟರ್ ಮೈಮೇಲೆ ಆಡಿಸಿ. ಬಿಸಿನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ನಿಧಾನಕ್ಕೆ ಇಳೀಬೇಕು. ನಡುವೆ ಎಲ್ಲೋ ಒಂದು ಪಟ್ಟಿ ತಣ್ಣಗೆ ಸಿಕ್ಕರೆ ಅಲ್ಲಿ ನೀರೇ ಹರಿಯುತ್ತಿಲ್ಲ ಅಂತ ಅರ್ಥ.

ಕ್ಯಾಪ್ ಚಿಕ್ಕದು, ಕೆಲಸ ದೊಡ್ಡದು

ಸಮುದ್ರ ಮಟ್ಟದಲ್ಲಿ ನೀರು ಕುದಿಯೋದು 100 ಡಿಗ್ರಿಗೆ. ಮೇಲೆ ಹೋದಂತೆ ಸುಮಾರು 300 ಮೀಟರ್‌ಗೆ 1 ಡಿಗ್ರಿ ಕಡಿಮೆಯಾಗುತ್ತೆ. 1,000 ಮೀಟರ್‌ಗೂ ಎತ್ತರದಲ್ಲಿರುವ ಚಿಕ್ಕಮಗಳೂರಿನಲ್ಲಿ ತೆರೆದ ಪಾತ್ರೆಯ ನೀರು 96-97 ಡಿಗ್ರಿಗೇ ಕುದಿಯುತ್ತೆ. ಅಂದ್ರೆ ಇಂಜಿನ್ ಹೆಚ್ಚು ದುಡಿಯುವ ಏರಿನಲ್ಲೇ ನೀರು ಬೇಗ ಕುದಿಯುವ ಹಾಗಾಯ್ತು.

ಇದನ್ನು ತಡೆಯೋದು ರೇಡಿಯೇಟರ್ ಕ್ಯಾಪ್. ಕುಕ್ಕರ್ ಇದ್ದ ಹಾಗೆ ಒಳಗೆ ಒತ್ತಡ ಹಿಡಿದಿಡುತ್ತೆ. 7 ಪೌಂಡ್ ಒತ್ತಡದ ಕ್ಯಾಪ್ ಸರಿಯಿದ್ದರೆ ಸಮುದ್ರ ಮಟ್ಟದಲ್ಲಿ ನೀರು ಸುಮಾರು 111 ಡಿಗ್ರಿವರೆಗೆ ಕುದಿಯಲ್ಲ. ಕ್ಯಾಪ್‌ನ ರಬ್ಬರ್ ಒಣಗಿ ಬಿರಿದರೆ ಆ ರಕ್ಷಣೆ ಹೋಯ್ತು. ಕಡಿಮೆ ಖರ್ಚಿನ ರಿಪೇರಿ ಇದೇ, ಎಲ್ಲರೂ ಮರೆಯೋದೂ ಇದನ್ನೇ. ಹಾಗಂತ ಹೆಚ್ಚು ಒತ್ತಡದ ಹೊಸ ಕಾರಿನ ಕ್ಯಾಪ್ ಹಾಕಬೇಡಿ. ಹಳೇ ರೇಡಿಯೇಟರ್‌ನ ಬೆಸುಗೆ ಬಿಡುತ್ತೆ.

ಬೋರ್ ನೀರು ಬೇಡ

ಕಡೂರು, ತರೀಕೆರೆ ಕಡೆಯವರು ಇದನ್ನು ಗಮನಿಸಿ. ಬೋರ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದೇ ಪದರ ಇಂಜಿನ್ ಒಳಗೂ ಕಟ್ಟುತ್ತೆ. ಎರಕದ ಕಬ್ಬಿಣದ ಬ್ಲಾಕ್‌ನ ತುಕ್ಕು ಅದಕ್ಕೆ ಸೇರಿ, ತಳದಲ್ಲಿ ಕೆಂಪು ಕೆಸರಾಗಿ ಕೂರುತ್ತೆ. ಆಮೇಲೆ ರೇಡಿಯೇಟರ್ ಹೊಸದು ಹಾಕಿದರೂ ಬ್ಲಾಕ್‌ನಿಂದ ಕೆಸರು ಬಂದು ಅದೂ ಕಟ್ಟುತ್ತೆ. ರೇಡಿಯೇಟರ್ ತೆಗೆದಾಗ ಬ್ಲಾಕ್ ಕೂಡ ತೊಳೆಸಿ. ತಾಮ್ರ-ಹಿತ್ತಾಳೆಯ ಹಳೇ ರೇಡಿಯೇಟರ್ ಆದರೆ ಎಸೆಯಬೇಡಿ. ಟ್ಯಾಂಕ್ ಬಿಚ್ಚಿ, ಕೊಳವೆಗಳಿಗೆ ಕಡ್ಡಿ ಹಾಯಿಸಿ ಶುಚಿ ಮಾಡುವ ಅಂಗಡಿಗಳು ಇನ್ನೂ ಇವೆ. ನಂತರ ಕೂಲೆಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ.

ಥರ್ಮೋಸ್ಟಾಟ್ ಕಿತ್ತರೆ ಪರಿಹಾರವಲ್ಲ

ಥರ್ಮೋಸ್ಟಾಟ್ ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತೆ. ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಡಿ, ತಳ ಮುಟ್ಟಬಾರದು. ನೀರು ಕಾಯಿಸಿ. ಅದರ ಮೇಲೆ ಅಚ್ಚಾಗಿರುವ ಡಿಗ್ರಿಗೆ, ಸಾಮಾನ್ಯವಾಗಿ 82ರ ಆಸುಪಾಸು, ಬಾಯಿ ತೆರೆಯಲು ಶುರುವಾಗಬೇಕು. ನೀರು ಕುದಿದರೂ ತೆರೆಯದಿದ್ದರೆ ಹೊಸದು ಹಾಕಿ. ಅದಿಲ್ಲದೆ ಓಡಿಸಿದರೆ ಇಂಜಿನ್ ಸರಿಯಾದ ಬಿಸಿಗೆ ಬರೋದು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತೆ, ಸವೆತವೂ ಜಾಸ್ತಿ.

ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ರೇಡಿಯೇಟರ್ ಬಾಯಲ್ಲಿ ಬಿಡದೆ ಗುಳ್ಳೆ ಬರುತ್ತಿದ್ದರೆ ಸಿಲಿಂಡರ್‌ನ ಹೊಗೆ ನೀರಿಗೆ ಸೇರುತ್ತಿದೆ. ಆಯಿಲ್ ಕಡ್ಡಿಯಲ್ಲಿ ಹಾಲು ಹಾಕಿದ ಕಾಫಿಯಂಥ ಬಣ್ಣ, ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ಬಿಳಿ ಹಬೆ, ಸೋರಿಕೆ ಕಾಣದಿದ್ದರೂ ದಿನಾ ನೀರು ಕಡಿಮೆಯಾಗೋದು ಇವೆಲ್ಲ ಅದರದೇ ಗುರುತು. ಹೀಗಿದ್ದರೆ ಓಡಿಸಬೇಡಿ. ಹೆಡ್ ಸೊಟ್ಟಗಾದರೆ ಖರ್ಚು ಎಷ್ಟೋ ಪಾಲು.

ನೀರು, ಗಾಳಿ ಸರಿಯಿದ್ದೂ ಕಾದರೆ

ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ತುಕ್ಕು ಹಿಡಿದು ಅಂಟಿಕೊಂಡರೆ ಕಿಡಿ ತಡವಾಗಿ ಹಾರುತ್ತೆ. ಬೆಂಕಿ ಕೆಲಸ ಮಾಡುವ ಬದಲು ಹೆಡ್ಡನ್ನು ಕಾಯಿಸುತ್ತೆ. ಏರಿನಲ್ಲಿ ಎಳೆತ ಕಡಿಮೆಯಾಗಿ ಜೊತೆಗೆ ಬಿಸಿಯೂ ಆದರೆ ಟೈಮಿಂಗ್ ಲೈಟ್ ಹಿಡಿಸಿ.

ಇನ್ನೊಂದು ಹೊಸ ಕಾರಣ ಪೆಟ್ರೋಲ್. ಈಗ ಬಂಕ್‌ನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್ ಸಿಗುತ್ತಿದೆ. ಎಥನಾಲ್‌ನಲ್ಲಿ ಆಮ್ಲಜನಕ ಇರೋದರಿಂದ ಹಿಂದಿನ ಪೆಟ್ರೋಲ್‌ಗೆ ಹೊಂದಿಸಿದ್ದ ಕಾರ್ಬುರೇಟರ್‌ನ ಮಿಶ್ರಣ ತೆಳುವಾಗುತ್ತೆ. ಪ್ಲಗ್ ತುದಿ ತಿಳಿ ಕಂದು ಬಣ್ಣದ ಬದಲು ಸುಣ್ಣದ ಹಾಗೆ ಬೆಳ್ಳಗಿದ್ದರೆ ಜೆಟ್ ಹೊಂದಿಸಬೇಕು.

ಮುಳ್ಳು ಮೇಲೇರದೆ, ಬಿಸಿಲಲ್ಲಿ ಗಾಡಿ ನಿಂತು ಮತ್ತೆ ಸ್ಟಾರ್ಟ್ ಆಗದಿದ್ದರೆ ಅದು ಇಂಜಿನ್ ಕಾದದ್ದಲ್ಲ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪ್ ಎಳೆಯುತ್ತಿಲ್ಲ. ಹಳೇ ಡ್ರೈವರ್‌ಗಳು ಪೆಟ್ರೋಲ್ ಪಂಪ್‌ಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇದಕ್ಕೇ.

ಘಾಟಿಯಲ್ಲಿ ಕಾದರೆ ಏನು ಮಾಡಬೇಕು?

* ಮುಳ್ಳು ಕೆಂಪಿಗೆ ಹೋಗುವ ಮೊದಲೇ ಅಗಲವಾದ ಜಾಗ ನೋಡಿ ಬದಿಗೆ ಹಾಕಿ. ತಿರುವಿನಲ್ಲಿ ನಿಲ್ಲಿಸಬೇಡಿ. ಚಕ್ರಕ್ಕೆ ಕಲ್ಲು ಕೊಡಿ.
* ಹಬೆ ಬರುತ್ತಿದ್ದರೆ ಇಂಜಿನ್ ಆಫ್ ಮಾಡಿ. ಕನಿಷ್ಠ 45 ನಿಮಿಷ ಕ್ಯಾಪ್ ಮುಟ್ಟಬೇಡಿ ಮಾರಾಯ್ರೆ. ಒಳಗಿನ ನೀರು 100 ಡಿಗ್ರಿಗೂ ಮೇಲಿರುತ್ತೆ, ಕ್ಯಾಪ್ ಸಡಿಲಾದ ಕ್ಷಣ ಚಿಮ್ಮುತ್ತೆ.
* ಕಾದ ಇಂಜಿನ್‌ಗೆ ತೊರೆಯ ತಣ್ಣೀರು ಸುರಿಯಬೇಡಿ. ಎರಕದ ಕಬ್ಬಿಣ ಬಿರುಕು ಬಿಡಬಹುದು.
* ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಿಡಿದು ಕ್ಯಾಪ್ ನಿಧಾನಕ್ಕೆ ತೆಗೆಯಿರಿ. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ.

ನಮ್ಮ ಕಾರಿಗೆ ಆಗಿದ್ದೇನು?

"ಘಾಟಿಯಲ್ಲಿ, ಸೆಕೆಂಡ್ ಗೇರ್‌ನಲ್ಲಿ ಎಳೆಯುವಾಗ ಮಾತ್ರ" ಅಂದರು ಅಪ್ಪ. ಮೆಕ್ಯಾನಿಕ್ ಬಾನೆಟ್ ಎತ್ತಿ, ನನ್ನ ಹತ್ತಿರ ಆಕ್ಸಿಲರೇಟರ್ ಒತ್ತಿಸಿದರು. "ಬನ್ನಿ, ನೋಡಿ" ಅಂತ ಅಪ್ಪನನ್ನು ಕರೆದು ಕೆಳಗಿನ ಹೋಸ್ ತೋರಿಸಿದರು. ಇಂಜಿನ್ ಜೋರಾದಾಗಲೆಲ್ಲ ಅದು ಎಳೆನೀರು ಹೀರುವ ಕಾಗದದ ಸ್ಟ್ರಾ ಥರ ಚಪ್ಪಟೆಯಾಗುತ್ತಿತ್ತು. ಪಂಪ್ ನೀರು ಹೀರುವುದು ಆ ಹೋಸ್‌ನಿಂದಲೇ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಕರಗಿಹೋಗಿತ್ತು. ರೇಡಿಯೇಟರ್, ಪಂಪ್ ಬದಲಿಸಿದವರೆಲ್ಲ ಅದೇ ಹಳೇ ಹೋಸ್ ವಾಪಸ್ ಹಾಕಿದ್ದರು.

ಸ್ಪ್ರಿಂಗ್ ಇರುವ ಹೊಸ ಹೋಸ್, ಎರಡು ಕ್ಲಿಪ್, ಒಂದು ಥರ್ಮೋಸ್ಟಾಟ್. ಅಷ್ಟೇ ಖರ್ಚು.

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್‌ಗೆ ಬಿಡಿಭಾಗ ಹುಡುಕೋದು ಈಗ ಸುಲಭವಲ್ಲ. ಕಾನೂನಿನ ಲೆಕ್ಕದಲ್ಲಿ ವಿಂಟೇಜ್ ಅನ್ನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ದಾಟಬೇಕು, ಮೂಲ ರೂಪವೂ ಉಳಿದಿರಬೇಕು. ಅಲ್ಲಿಯವರೆಗೆ ಕಾರು ಬಾಳಬೇಕು ಅಂದ್ರೆ ಇರುವ ಭಾಗಗಳನ್ನು ಸುಮ್ಮನೆ ಎಸೆಯಬಾರದು. ಆದ್ದರಿಂದ ಮುಂದಿನ ಸಲ ಗ್ಯಾರೇಜಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಎಲ್ಲಿ ಕಾಯಿತು, ಯಾವ ಗೇರ್, ನಿಂತಿದ್ದಾಗಲೋ ಓಡುವಾಗಲೋ, ಸ್ಟಾರ್ಟ್ ಮಾಡಿ ಎಷ್ಟು ಹೊತ್ತಿಗೆ. ಆ ಚೀಟಿ ನೋಡದೆ "ರೇಡಿಯೇಟರ್ ಹೋಗಿದೆ" ಅನ್ನುವವರ ಹತ್ತಿರ ಕೀ ಕೊಡಬೇಡಿ.

ಚಿಕ್ಕಪ್ಪನ ಮುಂಗೈ ಮೇಲಿನ ಕಲೆ ಈಗಲೂ ಇದೆ. ಕಾರೂ ಇದೆ. ಹೋದ ವಾರ ಧರ್ಮಸ್ಥಳಕ್ಕೆ ಹೋಗಿ, ನಿಲ್ಲಿಸದೆ ಘಾಟಿ ಹತ್ತಿ ಬಂದ್ವಿ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದ್ದು ನೀರ್ ದೋಸೆಗೆ ಮಾತ್ರ.