ಅಳಿವೆಯ ದೋಣಿಗಳು: ಪಶ್ಚಿಮ ಕರಾವಳಿಯ ಕಿರುನೌಕೆಗಳ ವ್ಯಾಪಾರ ಮತ್ತು ಯುದ್ಧ

ಸರಕು ಸಾಗಣೆಗೆ ಒಂದು ದೊಡ್ಡ ಹಡಗು ಲೇಸೋ, ಇಪ್ಪತ್ತು ಚಿಕ್ಕ ದೋಣಿಗಳು ಲೇಸೋ ಎಂಬ ಪ್ರಶ್ನೆಗೆ ಇಂದಿನ ಲೆಕ್ಕಪತ್ರಗಳು ಕೊಡುವ ಉತ್ತರ ಸುಲಭವಾದುದು. ಟನ್ನಿಗೆ ತಗಲುವ ಬಾಡಿಗೆಯನ್ನು ಹೋಲಿಸಿದೊಡನೆ ದೊಡ್ಡ ಹಡಗೇ ಗೆಲ್ಲುತ್ತದೆ. ಆದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಶತಮಾನಗಳ ಕಾಲ ಈ ಲೆಕ್ಕ ಬೇರೆಯಾಗಿತ್ತು. ಅದು ಹಾಗಿರಲು ಬಡತನವಾಗಲಿ ಅಜ್ಞಾನವಾಗಲಿ ಕಾರಣವಲ್ಲ.

ಮೊದಲ ಕಾರಣ ನೆಲ, ಅಥವಾ ನೀರು. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಕಡಲನ್ನು ಸೇರುವಲ್ಲಿ ಮರಳಿನ ದಿಣ್ಣೆಗಳು ಏಳುತ್ತವೆ. ಆಳವಾದ ತಳದ ಹಡಗು ಅಲ್ಲಿ ಒಳಬರಲಾರದೆ ಹೊರಗಡಲಲ್ಲಿಯೇ ಲಂಗರು ಹಾಕಬೇಕು. ನೀರಿನಲ್ಲಿ ಹೆಚ್ಚು ಆಳಕ್ಕಿಳಿಯದ ದೋಣಿಯಾದರೋ ಉಬ್ಬರದ ವೇಳೆಯನ್ನು ನೋಡಿಕೊಂಡು ಅಳಿವೆ ದಾಟಿ, ನದಿಯೊಳಗಿನ ಪೇಟೆಯ ದಕ್ಕೆಗೇ ಹೋಗಿ ನಿಲ್ಲುತ್ತದೆ. ಗಂಗೊಳ್ಳಿಯ ಅಳಿವೆಯಿಂದ ಒಳಗಿರುವ ಬಸರೂರು ಅಷ್ಟು ದೊಡ್ಡ ವರ್ತಕಪಟ್ಟಣವಾಗಿ ಬೆಳೆದದ್ದು ಈ ಬಗೆಯ ದೋಣಿಗಳಿಂದಲೇ. ಎರಡನೆಯ ಕಾರಣ ನಷ್ಟದ ಭಯ. ಸಾಮಾನ್ಯ ವರ್ತಕನು ತನ್ನ ಅಕ್ಕಿ, ಮೆಣಸುಗಳನ್ನು ನಾಲ್ಕಾರು ದೋಣಿಗಳಿಗೆ ಹಂಚಿ ಹೇರುತ್ತಿದ್ದನು. ಒಂದು ಮುಳುಗಿದರೆ ಅಥವಾ ಲೂಟಿಯಾದರೆ ಉಳಿದವು ಅವನ ಮನೆಯನ್ನು ಕಾಯುತ್ತಿದ್ದವು. ವಿಮಾ ಕಂಪನಿಗಳಿಲ್ಲದ ಊರಿನಲ್ಲಿ ಇದೇ ವಿಮೆ.

ಈ ವ್ಯವಸ್ಥೆಯ ಮೇಲೆ ಬಂದ ಮೊದಲ ದೊಡ್ಡ ಪೆಟ್ಟು ಪೋರ್ಚುಗೀಸರದು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದ ಕೆಲವೇ ವರ್ಷಗಳಲ್ಲಿ ಅವರು ‘ಕಾರ್ತಾಜ್’ ಎಂಬ ರಹದಾರಿಯ ಪದ್ಧತಿಯನ್ನು ಜಾರಿಗೆ ತಂದರು. ನೌಕೆಯ ಹೆಸರು, ನಾಯಕನ ಹೆಸರು, ಗಾತ್ರ, ಆಯುಧಗಳು, ಹೊರಟ ಮತ್ತು ತಲಪುವ ಬಂದರು ಎಲ್ಲವೂ ಈ ಪತ್ರದಲ್ಲಿ ನಮೂದಾಗಬೇಕು; ಮೆಣಸಿನಂತಹ ಕೆಲವು ಸರಕುಗಳನ್ನು ಹೇರಲೇಬಾರದು. ಪತ್ರವಿಲ್ಲದ ನೌಕೆ ಸಿಕ್ಕರೆ ಸರಕಿನೊಡನೆ ಜಪ್ತಿ. ಪತ್ರದ ಶುಲ್ಕವೇನೋ ಅಲ್ಪವೇ. ನಿಜವಾದ ಹೊರೆ ಬೇರೆಡೆ ಇತ್ತು. ರಹದಾರಿ ಪಡೆದವನು ಪೋರ್ಚುಗೀಸರ ಬಂದರನ್ನು ಮುಟ್ಟಿ ಅಲ್ಲಿಯ ಸುಂಕವನ್ನು ಸಲ್ಲಿಸಿಯೇ ಮುಂದಕ್ಕೆ ಹೋಗಬೇಕಾಗಿತ್ತು. ಅರ್ಜಿಯ ಶುಲ್ಕ ಕಡಿಮೆ, ಅದರ ಹಿಂದೆ ಬರುವ ಷರತ್ತುಗಳೇ ಭಾರವೆಂಬ ಅನುಭವ ನಮ್ಮ ಓದುಗರಿಗೂ ಹೊಸದಾಗಿರಲಾರದು.

ಕರಾವಳಿಯವರೆಲ್ಲರೂ ಒಂದೇ ದಾರಿ ಹಿಡಿಯಲಿಲ್ಲ. ಹೊನ್ನಾವರದ ತಿಮ್ಮಯ್ಯ (ಪೋರ್ಚುಗೀಸರ ಬರಹಗಳ ತಿಮೋಜ) ತನ್ನ ನೌಕೆಗಳೊಡನೆ ಅಲ್ಬುಕರ್ಕನ ಪಕ್ಷ ವಹಿಸಿ, 1510ರಲ್ಲಿ ಗೋವೆಯ ಮೇಲೆ ದಾಳಿಯಿಡಲು ನೆರವಾದನು. ಮಲಬಾರಿನ ಕುಂಞಾಲಿ ಮರಕ್ಕಾರರು ಎದುರು ನಿಂತರು. ಇವರ ‘ಪರಾವು’ ಉದ್ದನೆಯ, ಹಗುರವಾದ, ಹುಟ್ಟು ಮತ್ತು ಹಾಯಿ ಎರಡರಿಂದಲೂ ಓಡುವ ದೋಣಿ. ಗಾಳಿ ಬಿದ್ದ ದಿನ ದೊಡ್ಡ ಹಡಗು ಅಲುಗದೆ ನಿಂತಿರುವಾಗ ಹತ್ತಾರು ಪರಾವುಗಳು ಅಳಿವೆಯಿಂದ ಹೊರಬಿದ್ದು ಮುತ್ತಿಗೆ ಹಾಕುವುವು. ಎದುರಾಳಿ ಚೇತರಿಸಿಕೊಳ್ಳುವಷ್ಟರಲ್ಲಿ ಆಳವಿಲ್ಲದ ನೀರಿಗೆ ಹಿಂದಿರುಗುವುವು. ಅಲ್ಲಿಗೆ ಬೆನ್ನಟ್ಟಲು ದೊಡ್ಡ ಹಡಗಿಗೆ ಸಾಧ್ಯವಿಲ್ಲ. ಈ ಮನೆತನದ ನಾಲ್ಕನೆಯ ನಾಯಕ ಸೋತದ್ದು 1600ರಲ್ಲಿ. ಅದೂ ಅವನ ಒಡೆಯನಾಗಿದ್ದ ಸಾಮೂದಿರಿಯೇ ಪೋರ್ಚುಗೀಸರೊಡನೆ ಸೇರಿ ನೆಲದಿಂದಲೂ ಕಡಲಿನಿಂದಲೂ ಕೋಟೆಯನ್ನು ಮುತ್ತಿದಾಗ. ಗೋವೆಯಲ್ಲಿ ಅವನಿಗೆ ಮರಣದಂಡನೆಯಾಯಿತು.

ಪರಾವುಗಳ ಕಾಟಕ್ಕೆ ಪೋರ್ಚುಗೀಸರು ಕಂಡುಕೊಂಡ ಪರಿಹಾರವೇ ‘ಕಾಫಿಲಾ’. ವ್ಯಾಪಾರದ ಚಿಕ್ಕ ನೌಕೆಗಳನ್ನು ಗುಂಪುಗೂಡಿಸಿ, ಸಶಸ್ತ್ರ ಕಾವಲಿನೊಡನೆ ಕಳುಹಿಸುವ ಕ್ರಮವಿದು. ಉತ್ತರದಲ್ಲಿ ಖಂಬಾತಿನವರೆಗೂ ದಕ್ಷಿಣದಲ್ಲಿ ಕೆನರಾ ತೀರದವರೆಗೂ ಇವು ಸಂಚರಿಸುತ್ತಿದ್ದವು. ಕಾವಲಿನವೂ ಹುಟ್ಟು ಹಾಕುವ ಕಿರುನೌಕೆಗಳೇ ಎಂಬುದು ಗಮನಾರ್ಹ. ಚಿಕ್ಕದನ್ನು ಹಿಡಿಯಲು ಚಿಕ್ಕದೇ ಬೇಕಾಯಿತು. ಗೋವೆಯ ಪಟ್ಟಣ ತನ್ನ ಊಟಕ್ಕೆ ಕೆನರಾದ ಅಕ್ಕಿಯನ್ನು ನಂಬಿದ್ದುದರಿಂದ ಬಸರೂರು, ಮಂಗಳೂರು, ಹೊನ್ನಾವರಗಳಿಂದ ಹೊರಡುವ ಅಕ್ಕಿಯ ಕಾಫಿಲಾಗಳಿಗೆ ವಿಶೇಷ ಮಹತ್ವವಿತ್ತು. ವರ್ತಕನಿಗೆ ಇದರಿಂದ ಲಾಭವಾಯಿತೇ? ರಕ್ಷಣೆ ಸಿಕ್ಕಿತು, ನಿಜ. ಆದರೆ ಅತ್ಯಂತ ನಿಧಾನವಾದ ದೋಣಿಯ ವೇಗವೇ ಇಡೀ ಗುಂಪಿನ ವೇಗವಾಯಿತು. ಹೊರಡುವ ದಿನ ಅವನ ಕೈಯಲ್ಲಿ ಉಳಿಯಲಿಲ್ಲ. ಎಲ್ಲರ ಸರಕೂ ಒಂದೇ ದಿನ ಪೇಟೆಗೆ ಬಿದ್ದರೆ ದರ ಏನಾಗುವುದೆಂದು ವ್ಯಾಪಾರಿಗೆ ಹೇಳಿಕೊಡಬೇಕಾಗಿಲ್ಲ. ರಕ್ಷಣೆಯ ನೆಪದಲ್ಲಿ ಗೋವೆಯ ಸುಂಕದ ಕಟ್ಟೆಯನ್ನು ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚಿತು. ನನ್ನ ಅಭಿಪ್ರಾಯದಲ್ಲಿ ಕಾಫಿಲಾ ವರ್ತಕನ ಕಾವಲಿಗಿಂತ ಹೆಚ್ಚಾಗಿ ಸುಂಕದ ಕಾವಲಾಗಿತ್ತು. ಕೆಳದಿಯ ಶಿವಪ್ಪ ನಾಯಕನು 1650ರ ದಶಕದ ಆದಿಯಲ್ಲಿ ಈ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡದ್ದನ್ನು ಈ ಹಿನ್ನೆಲೆಯಲ್ಲಿಯೂ ನೋಡಬೇಕು.

ಕಿರುನೌಕೆಗಳ ಪಡೆ ವರ್ತಕನಿಗೆ ಯಾವಾಗಲೂ ಮಿತ್ರನಾಗಿರಲಿಲ್ಲವೆಂಬುದಕ್ಕೆ ಬಸರೂರೇ ಸಾಕ್ಷಿ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು 85 ಚಿಕ್ಕ ಯುದ್ಧನೌಕೆಗಳು ಮತ್ತು ಮೂರು ದೊಡ್ಡ ಹಡಗುಗಳೊಡನೆ ಗೋವೆಯನ್ನು ಹಾದು ಬಂದು ಆ ಪಟ್ಟಣವನ್ನು ಲೂಟಿ ಮಾಡಿದರು. ಹಿಂದಿರುಗುವಾಗ ಗೋಕರ್ಣದಲ್ಲಿಳಿದು, ಬಹುಪಾಲು ನೌಕೆಗಳನ್ನು ಕಳುಹಿಸಿಕೊಟ್ಟು, ನೆಲಮಾರ್ಗವಾಗಿ ಕಾರವಾರದತ್ತ ನಡೆದರು. ಅಲ್ಲಿಯ ಇಂಗ್ಲಿಷ್ ಕೋಠಿಯವರು ತಮ್ಮ ಹಣವನ್ನೂ ಬೆಲೆಬಾಳುವ ಸಾಮಗ್ರಿಗಳನ್ನೂ ನದಿಯಲ್ಲಿ ನಿಂತಿದ್ದ ಮಸ್ಕತ್ತಿನ ಇಮಾಮನ ಒಂದು ಚಿಕ್ಕ ಹಡಗಿಗೆ ಸಾಗಿಸಿ ಕಾಪಾಡಿಕೊಂಡರು. ಊರಿನವರು ಕೂಡಿಸಿದ ಕಾಣಿಕೆಯಲ್ಲಿ ಕೋಠಿಯ ಪಾಲು 112 ಪೌಂಡು. ಬಸರೂರಿನ ವರ್ತಕರು ಕಳೆದುಕೊಂಡದ್ದಕ್ಕೆ ಹೋಲಿಸಿದರೆ ಇದು ಅಗ್ಗವೇ.

ಮುಂದೆ ಕಾನ್ಹೋಜಿ ಆಂಗ್ರೆ ಮತ್ತು ಅವನ ಮಕ್ಕಳು ಇದೇ ತಂತ್ರವನ್ನು ಪರಿಪೂರ್ಣಗೊಳಿಸಿದರು. ತೋಪುಗಳನ್ನು ಹೊತ್ತ ‘ಗುರಾಬ’ ಮತ್ತು ನಲವತ್ತು ಐವತ್ತು ಹುಟ್ಟುಗಳ ‘ಗಲ್ಬತ’ ಜೊತೆಯಾಗಿ ಹೋಗುತ್ತಿದ್ದವು. ಗಾಳಿಯಿಲ್ಲದಾಗ ಗಲ್ಬತಗಳು ಗುರಾಬಗಳನ್ನು ಹಗ್ಗ ಕಟ್ಟಿ ಎಳೆದು ಶತ್ರು ಹಡಗಿನ ಹಿಂಬದಿಗೆ ತಂದು ನಿಲ್ಲಿಸುವುವು. ಅಲ್ಲಿಂದ ಹಾಯಿಕಂಬಗಳನ್ನು ಗುರಿಯಿಟ್ಟು ಹೊಡೆಯುವುದು. 1735ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ‘ಡರ್ಬಿ’ ಎಂಬ ಭಾರಿ ಹಡಗು ಸಂಭಾಜಿ ಆಂಗ್ರೆಗೆ ಸೆರೆಸಿಕ್ಕಿತು. ಆದರೆ 1756ರ ಫೆಬ್ರವರಿಯಲ್ಲಿ ವಿಜಯದುರ್ಗದ ಮೇಲೆ ವಾಟ್ಸನ್ ಮತ್ತು ಕ್ಲೈವ್ ಬಂದಾಗ ಆಂಗ್ರೆಯ ನೌಕೆಗಳೆಲ್ಲ ಕೋಟೆಯ ಆಶ್ರಯದಲ್ಲಿ ಒತ್ತಾಗಿ ನಿಂತಿದ್ದವು. ಒಂದು ಹಡಗಿಗೆ ತಗಲಿದ ಬೆಂಕಿ ಮಿಕ್ಕವಕ್ಕೆ ಹರಡಿ ಇಡೀ ಪಡೆ ಬೂದಿಯಾಯಿತು. ಚದುರಿದ್ದುದೇ ಅವುಗಳ ಬಲವಾಗಿತ್ತು. ಒಂದೆಡೆ ಸೇರಿದೊಡನೆ ಆ ಬಲ ಹೋಯಿತು.

ಯುದ್ಧದ ಕೆಲಸ ಮುಗಿದರೂ ವ್ಯಾಪಾರದ ಕೆಲಸ ಮುಗಿಯಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಉದ್ಯಮಕ್ಕೆ ಹೊಳೆಯ ದೋಣಿಗಳೂ ಕಡಲಿನ ಪತ್ತೆಮಾರಿಗಳೂ ಆಧಾರವಾದವು. ಉಗಿಹಡಗುಗಳು ಬಂದರೂ ಅವು ಅಳಿವೆಯ ಹೊರಗೇ ನಿಲ್ಲುತ್ತಿದ್ದುದರಿಂದ ಸರಕನ್ನು ಅಲ್ಲಿಗೆ ಮುಟ್ಟಿಸಲು ಮತ್ತೆ ದೋಣಿಗಳೇ ಬೇಕಾಗುತ್ತಿದ್ದವು. ಆಳ ನೀರಿನ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ಬಳಿಕ ಆ ದುಡಿಮೆಯ ದೊಡ್ಡ ಪಾಲು ಕೈಬಿಟ್ಟಿತು. ಆದರೂ ಮಳೆಗಾಲ ಕಳೆದು ಕಡಲು ಶಾಂತವಾದೊಡನೆ ಮಂಗಳೂರಿನ ಹಳೆಯ ಬಂದರಿನಿಂದ ತರಕಾರಿ, ದಿನಸಿ, ಕಟ್ಟಡ ಸಾಮಗ್ರಿ ಹೇರಿಕೊಂಡ ಮಂಜಿಗಳು ಇಂದಿಗೂ ಲಕ್ಷದ್ವೀಪದತ್ತ ಹೊರಡುತ್ತವೆ. ಈಗ ಅವುಗಳಿಗೆ ಎಂಜಿನ್ನಿದೆ.